ನಿಯಮ ಬದಲಿಸಿದವರು ಅವರು, ಖರ್ಚು ಯಾರ ಲೆಕ್ಕಕ್ಕೆ?

1/9

ಫೋಟೋದಲ್ಲಿ ಕಾಣ್ತಿರೋ ಆ ಒಂದು ಸ್ಟಾರ್ ನಾನು ಕೊಟ್ಟಿದ್ದು. ಆಡ್-ಆನ್ ಹೆಸರು, ಮಾಡಿದವರ ಹೆಸರು ಎರಡೂ ಬ್ಲರ್ ಮಾಡಿದೀನಿ. ನನ್ನ ಹೆಸರು ಹಂಗೇ ಬಿಟ್ಟಿದೀನಿ, ಬೈಯೋರು ನನಗೇ ಬೈಲಿ ಅಂತ.

ಆಗಿದ್ದಿಷ್ಟು. ಹೋದ ಸೆಮಿಸ್ಟರ್ ಪ್ರಾಜೆಕ್ಟಿಗೆ ಭತ್ತದ ವ್ಯಾಪಾರ ತಗೊಂಡಿದ್ದೆ. ಸಿಂಧನೂರಲ್ಲಿ ಬಿಕಾಂ ಓದೋರಿಗೆ ಇದಕ್ಕಿಂತ ಸುಲಭದ ವಿಷಯ ಇಲ್ಲ, ಎಲ್ಲಿ ನೋಡಿದ್ರೂ ರೈಸ್ ಮಿಲ್. ಆದ್ರೆ ಹಳೇ ಮಾಹಿತಿ ಬೇಕಲ್ಲ. ನೆಟ್‌ನಲ್ಲಿ ಹುಡುಕಿದಾಗ ಹದಿನೈದು ವರ್ಷದ ಹಿಂದಿನ ಕೆಲವು ಕನ್ನಡ ಪುಟಗಳು ಸಿಕ್ಕವು. ತೆರೆದ್ರೆ ಕನ್ನಡವೇ ಕಾಣಲ್ಲ. ಇಂಗ್ಲಿಷ್ ಅಕ್ಷರ, ಅದರ ತಲೆ ಮೇಲೆ ಚುಕ್ಕಿ, ಟೋಪಿ, ಕೆಳಗೆ ಬಾಲ. ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿದವು ಅವು, ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಹಂಗೇ ಕಾಣೋದು.

ಅದಕ್ಕೊಂದು ಚಿಕ್ಕ ಆಡ್-ಆನ್ ಸಿಕ್ತು. ಒಂದು ಬಟನ್ ಒತ್ತಿದ್ರೆ ಪುಟವೆಲ್ಲ ಓದೋ ಕನ್ನಡ ಆಗ್ತಿತ್ತು. ಪುಕ್ಕಟೆ. ಎರಡು ವಾರ ಅದರ ಮೇಲೇ ಪ್ರಾಜೆಕ್ಟ್ ನಡೀತು. ಸಬ್ಮಿಟ್ ಮಾಡೋಕೆ ನಾಲ್ಕು ದಿನ ಇದ್ದಾಗ ಲ್ಯಾಬಿಗೆ ಹೋದ್ರೆ ಬ್ರೌಸರ್ ಅಪ್ಡೇಟ್ ಆಗಿದೆ, ಬಟನ್ ಮಾಯ. ಸಿಟ್ಟು ಬಂತು. "ವೇಸ್ಟ್, ಕೆಲಸ ಮಾಡಲ್ಲ, ಯಾರೂ ಹಾಕ್ಕೋಬೇಡಿ" ಅಂತ ಬರೆದು ಒಂದು ಸ್ಟಾರ್ ಒತ್ತಿ ಬಂದೆ.

ಎರಡು ದಿನಕ್ಕೆ ಉತ್ತರ ಬಂತು. ಬ್ರೌಸರಿನವರ ನಿಯಮ ಬದಲಾಗಿದೆ, ಮೊದಲಿಂದ ಬರೀಬೇಕು, ಹಗಲು ಬೇರೆ ಕೆಲಸ ಇದೆ, ರಾತ್ರಿ ಕೂತು ಮಾಡ್ತಿದೀನಿ, ತೊಂದರೆ ಆಗಿದ್ದಕ್ಕೆ ಕ್ಷಮಿಸಿ ಅಂತ.

ಕ್ಷಮಿಸಿ ಅಂತ! ನನ್ನಿಂದ ಒಂದು ರೂಪಾಯಿ ತಗೊಳ್ಳದ ಮನುಷ್ಯ ನನಗೆ ಕ್ಷಮೆ ಕೇಳಿದ. ಈ ಸರಣಿ ಅದಕ್ಕೇ.

2/9

ಮೊದಲು ವಿಷಯ ಗೊತ್ತಿಲ್ಲದವರಿಗೆ. ಆಡ್-ಆನ್ ಅಂದ್ರೂ ಒಂದೇ, ಎಕ್ಸ್‌ಟೆನ್ಶನ್ ಅಂದ್ರೂ ಒಂದೇ. ಬ್ರೌಸರಿಗೆ ಹೊರಗಿಂದ ಜೋಡಿಸೋ ಚಿಕ್ಕ ಸಾಮಾನು. ಜಾಹೀರಾತು ತಡೆಯೋದು, ಪುಟ ಕಪ್ಪು ಮಾಡೋದು, ಡಿಕ್ಷನರಿ ತೋರಿಸೋದು, ಇಂಥವು.

ನಮ್ಮ ಕ್ಲಾಸಿನ ಅರ್ಧ ಜನ ಇದನ್ನ ನೋಡೇ ಇಲ್ಲ, ಯಾಕಂದ್ರೆ ಫೋನ್ ಬಿಟ್ಟು ಬೇರೆ ಇಲ್ಲ. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಆಡ್-ಆನ್ ಹಾಕೋಕೆ ಬರಲ್ಲ. ಫೈರ್‌ಫಾಕ್ಸ್‌ನಲ್ಲಿ ಬರುತ್ತೆ, 2023ರ ಡಿಸೆಂಬರ್‌ನಿಂದ ಎಲ್ಲ ಡೆವಲಪರ್‌ಗಳಿಗೂ ಬಾಗಿಲು ತೆರೆದಿದಾರೆ. ಇದನ್ನ ಓದಿದವರಲ್ಲಿ ಹತ್ತು ಜನ ಹೋಗಿ ನೋಡಿದ್ರೂ ಸಾಕು.

ಪ್ರತಿ ಎಕ್ಸ್‌ಟೆನ್ಶನ್ ಒಳಗೆ ಒಂದು ಫೈಲ್ ಇರುತ್ತೆ, ಹೆಸರು ಮ್ಯಾನಿಫೆಸ್ಟ್. ಲಾರಿ ಜೊತೆ ಹೋಗೋ ಬಿಲ್ಟಿ ಗೊತ್ತಲ್ಲ, ಅದೇ ಇದು. ಒಳಗೆ ಏನಿದೆ, ಎಲ್ಲಿಗೆ ಹೋಗ್ತದೆ, ಯಾವ ಪುಟ ಮುಟ್ಟೋಕೆ ಪರವಾನಗಿ ಬೇಕು, ಎಲ್ಲ ಅದರಲ್ಲಿ. ಆ ಬಿಲ್ಟಿ ಯಾವ ನಮೂನೆಯದು ಅಂತಾನೂ ಒಂದು ನಂಬರ್ ಬರೀಬೇಕು. ಮೊದಲು 2 ಇತ್ತು. ಈಗ 3 ಬೇಕು. ಇದನ್ನೇ ಮ್ಯಾನಿಫೆಸ್ಟ್ ವಿ3 ಅಂತಾರೆ.

"ಅಷ್ಟೇನಾ, 2 ಅಳಿಸಿ 3 ಬರೆದ್ರಾಯ್ತಲ್ಲ" ಅಂದಿದ್ದೆ ನಾನು ಲಿಂಗಸೂಗೂರಿನ ನಮ್ಮ ಮಾವನ ಮಗನ ಮುಂದೆ. ಅವನು ಬೀಜ-ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೀತಾನೆ, ರಾತ್ರಿ ಯೂಟ್ಯೂಬ್ ನೋಡಿ ಕೋಡಿಂಗ್ ಕಲ್ತಿದಾನೆ. ನಕ್ಕ. "ಬಾ, ಕೂಡು" ಅಂದ.

3/9

ಅವನು ತೋರಿಸಿದ್ದನ್ನ ನನಗೆ ತಿಳಿದಷ್ಟು ಹೇಳ್ತೀನಿ.

ಹಳೇ ಪದ್ಧತಿಯಲ್ಲಿ ಎಕ್ಸ್‌ಟೆನ್ಶನ್‌ನ ಒಂದು ಭಾಗ ಹಿಂದೆ ಸದಾ ಎಚ್ಚರ ಇರ್ತಿತ್ತು. ಅಂಗಡಿಯಲ್ಲಿ ಒಬ್ಬ ಹುಡುಗ ಬೆಳಗಿಂದ ಸಂಜೆ ತನಕ ಕೂತಂಗೆ. ಯಾರು ಬಂದ್ರು, ಎಷ್ಟು ಉದ್ರಿ, ಎಲ್ಲ ಅವನ ತಲೆಯಲ್ಲಿ. ಹೊಸ ಪದ್ಧತಿಯಲ್ಲಿ ಅವನ ಜಾಗಕ್ಕೆ ಸರ್ವಿಸ್ ವರ್ಕರ್ ಅಂತ ಬಂತು. 30 ಸೆಕೆಂಡ್ ಕೆಲಸ ಇಲ್ಲ ಅಂದ್ರೆ ಇವನನ್ನ ಮನೆಗೆ ಕಳಿಸ್ತಾರೆ. ಮತ್ತೆ ಕರೆದಾಗ ಬರ್ತಾನೆ, ಆದ್ರೆ ಹಿಂದಿನದು ಏನೂ ನೆನಪಿರಲ್ಲ. ಹಾಗಾಗಿ ಪ್ರತಿಯೊಂದನ್ನೂ ಖಾತೆ ಪುಸ್ತಕದಲ್ಲಿ ಬರೆದಿಟ್ಟು, ಬಂದ ಕೂಡಲೇ ಓದಿಸಬೇಕು. ಕಂಪ್ಯೂಟರಿನ ಮೆಮೊರಿ ಉಳಿಯುತ್ತೆ ಅನ್ನೋದು ಇದರ ಹಿಂದಿನ ಕಾರಣ, ಕಾರಣ ಸರಿನೇ. ಆದ್ರೆ ಹುಡುಗನ ತಲೆ ನಂಬಿ ಕಟ್ಟಿದ ಅಂಗಡಿಯನ್ನ ಪುಸ್ತಕ ನಂಬಿ ನಡೆಸೋಕೆ ಇಡೀ ಅಂಗಡಿ ಬಿಚ್ಚಿ ಕಟ್ಟಬೇಕು.

ಎರಡನೇದು ಜಾಹೀರಾತು ತಡೆಯೋರಿಗೆ ಬಿದ್ದ ಪೆಟ್ಟು. ಮೊದಲು ಅವರು ಚೆಕ್‌ಪೋಸ್ಟ್‌ನಲ್ಲಿ ನಿಂತು ಒಂದೊಂದೇ ಲಾರಿ ನೋಡಿ, ಬಿಡೋದು ತಡೆಯೋದು ಅಲ್ಲೇ ನಿರ್ಧಾರ ಮಾಡ್ತಿದ್ರು. ಈಗ ನಿಲ್ಲೋ ಹಾಗಿಲ್ಲ. ಯಾವ ಲಾರಿ ತಡೀಬೇಕು ಅಂತ ಮೊದಲೇ ಪಟ್ಟಿ ಬರೆದು ಬ್ರೌಸರ್ ಕೈಗೆ ಕೊಡಬೇಕು, ತಡೆಯೋದು ಬ್ರೌಸರ್. ಪಟ್ಟಿಗೂ ಮಿತಿ. ಎಕ್ಸ್‌ಟೆನ್ಶನ್ ಜೊತೆ ಬರೋ ನಿಯಮಗಳಲ್ಲಿ ಒಂದಕ್ಕೆ ಖಾತ್ರಿ ಸಿಗೋದು 30,000. ಅದಕ್ಕಿಂತ ಹೆಚ್ಚು ಬೇಕಾದ್ರೆ ಎಲ್ಲ ಎಕ್ಸ್‌ಟೆನ್ಶನ್‌ಗಳೂ ಹಂಚಿಕೊಳ್ಳೋ ಒಂದು ಕೋಟಾ ಇದೆ, ಉಳಿದಿದ್ರೆ ತಗೋಬೇಕು.

ಮೂರನೇದು, ಹೊರಗಿನ ಸರ್ವರ್‌ನಿಂದ ಕೋಡ್ ತಂದು ಓಡಿಸೋದು ಬಂದ್. ಇದಕ್ಕೆ ನನ್ನ ತಕರಾರಿಲ್ಲ. ಕಳ್ಳ ಮಾಲು ಬರ್ತಿದ್ದದ್ದೇ ಆ ದಾರಿಲಿ.

4/9

ಹೋದ ಪೋಸ್ಟಿಗೆ ಒಬ್ಬ ದೋಸ್ತ್ ಕೇಳಿದ: "ಸೆಕ್ಯೂರಿಟಿ ಸಲುವಾಗಿ ಮಾಡ್ಯಾರ, ನಿನಗೇನ್ ನೋವು?"

ನ್ಯಾಯವಾದ ಪ್ರಶ್ನೆ. ದಿ ಗ್ರೇಟ್ ಸಸ್ಪೆಂಡರ್ ಅಂತ ಒಂದು ಎಕ್ಸ್‌ಟೆನ್ಶನ್ ಇತ್ತು. ಸುಮಾರು 20 ಲಕ್ಷ ಜನ ಬಳಸ್ತಿದ್ರು. ಮಾಡಿದವರು 2020ರಲ್ಲಿ ಮಾರಿದ್ರು, ಕೊಂಡವರು ಯಾರಂತ ಜನಕ್ಕೆ ಗೊತ್ತಾಗಲಿಲ್ಲ, 2021ರ ಫೆಬ್ರುವರಿಯಲ್ಲಿ ಅದರಲ್ಲಿ ಮಾಲ್‌ವೇರ್ ಇದೆ ಅಂತ ಗೂಗಲ್ ತೆಗೆದುಹಾಕ್ತು. ಇಂಥವು ಇನ್ನೂ ಇವೆ. ನಮ್ಮ ಬ್ಯಾಂಕ್ ಪುಟ, ಪಾಸ್‌ವರ್ಡ್ ಎಲ್ಲ ಕಾಣೋ ಜಾಗದಲ್ಲಿ ಕೂರೋ ಸಾಮಾನಿಗೆ ನಿಯಮ ಬೇಕೇ ಬೇಕು. ಇದನ್ನ ಒಪ್ಪದೆ ಮುಂದಿನದು ಮಾತಾಡಿದ್ರೆ ನಾನು ಸುಳ್ಳುಬುರುಕ.

ಆದ್ರೆ ಕಿತ್ತುಕೊಂಡಿದ್ದೇನು ನೋಡಿ. ತಡೆಯೋ ಅಧಿಕಾರ ಕಿತ್ತುಕೊಂಡ್ರು, ನೋಡೋ ಅವಕಾಶ ಉಳಿಸಿದ್ರು. ಪರವಾನಗಿ ಪಡೆದ ಎಕ್ಸ್‌ಟೆನ್ಶನ್ ವಿ3ಯಲ್ಲೂ ನೀವು ಯಾವ ಪುಟಕ್ಕೆ ಹೋಗ್ತೀರಿ ಅಂತ ನೋಡಬಹುದು. ಕಳ್ಳನಿಗೆ ನೋಡಿದ್ರೆ ಸಾಕು. ತಡೆಯೋದು ಬೇಕಾಗಿದ್ದು ಕಾವಲುಗಾರನಿಗೆ. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಅನ್ನೋ ಅಮೆರಿಕದ ಸಂಸ್ಥೆ 2021ರಲ್ಲೇ ಈ ವಿ3 ಮೋಸದ್ದು ಅಂತ ನೇರವಾಗಿ ಬರೆದಿತ್ತು.

ಇನ್ನೊಂದು ಬಿಕಾಂ ಪ್ರಶ್ನೆ. ನಿಯಮ ಮಾಡಿದ ಗೂಗಲ್‌ನ ಮಾತೃ ಕಂಪನಿ ಆಲ್ಫಾಬೆಟ್‌ನ ಆದಾಯದಲ್ಲಿ ಅರ್ಧಕ್ಕಿಂತ ಜಾಸ್ತಿ ಬರೋದು ಜಾಹೀರಾತಿಂದ. ಹೊಸ ನಿಯಮದಿಂದ ಹೆಚ್ಚು ಪೆಟ್ಟು ತಿಂದಿದ್ದು ಜಾಹೀರಾತು ತಡೆಯೋ ಎಕ್ಸ್‌ಟೆನ್ಶನ್. ಮನಸ್ಸಲ್ಲಿ ಏನಿತ್ತು ಅಂತ ನಾನು ಹೇಳಲ್ಲ. ಆಡಿಟಿಂಗ್ ಸರ್ ಕಲಿಸಿದ್ದು ಒಂದೇ, ಲಾಭ ಇರೋರು ತಾವೇ ತೀರ್ಪು ಕೊಟ್ಟಾಗ ಪುಸ್ತಕ ಎರಡು ಸಲ ನೋಡಬೇಕು.

5/9

ಇವತ್ತಿಂದು ಬರೀ ತಾರೀಖುಗಳು. ಬೋರ್ ಆದ್ರೂ ಓದಿ, ನನಗೆ ಹೆಚ್ಚು ಸಿಟ್ಟು ಬಂದಿದ್ದು ಇಲ್ಲೇ.

2018ರ ಕೊನೆಗೆ ವಿ3ಯ ಮೊದಲ ಕರಡು. 2021ರ ಜನವರಿ, ಕ್ರೋಮ್ 88 ವಿ3 ಒಪ್ಪಿಕೊಳ್ತು. 2022ರ ಜನವರಿಯಿಂದ ಕ್ರೋಮ್ ಅಂಗಡಿಗೆ ಹೊಸ ವಿ2 ಎಕ್ಸ್‌ಟೆನ್ಶನ್ ಬರೋ ಹಾಗಿಲ್ಲ. 2023ರ ಜನವರಿಯಿಂದ ಹಳೇವೂ ಬಂದ್ ಮಾಡ್ತಾ ಹೋಗ್ತೀವಿ ಅಂದ್ರು. 2022ರ ಡಿಸೆಂಬರ್‌ನಲ್ಲಿ, ಅಂದ್ರೆ ಗಡುವಿಗೆ ಒಂದು ತಿಂಗಳಿದ್ದಾಗ, ಮುಂದಕ್ಕೆ ಹಾಕಿದ್ರು. 2023ರ ನವೆಂಬರ್‌ನಲ್ಲಿ ಹೊಸ ತಾರೀಖು ಬಂತು, 2024ರ ಜೂನ್. 2024ರ ಅಕ್ಟೋಬರ್‌ನಿಂದ ಸಾಮಾನ್ಯ ಬಳಕೆದಾರರ ಕ್ರೋಮ್‌ನಲ್ಲಿ ಒಂದೊಂದಾಗಿ ನಿಲ್ತಾ ಬಂದವು, 2025ರ ಮಧ್ಯಕ್ಕೆ ಪೂರ್ತಿ ಮುಗೀತು.

ಪರೀಕ್ಷೆ ನಾಳೆ ಅಂತ ರಾತ್ರಿಯೆಲ್ಲ ಓದಿ, ಬೆಳಗ್ಗೆ ಮುಂದೂಡಿದಾರೆ ಅಂತ ಗೊತ್ತಾದ್ರೆ ಹೆಂಗಿರುತ್ತೆ ನಿಮಗೆ ಗೊತ್ತು. ಇಲ್ಲಿ ಅದಕ್ಕಿಂತ ಕೆಟ್ಟದ್ದು. ಸಿಲಬಸ್ಸೇ ಮುಗಿದಿರಲಿಲ್ಲ. ಸರ್ವಿಸ್ ವರ್ಕರ್‌ನಿಂದ ಮಾಡೋಕಾಗದ ಕೆಲಸಗಳಿಗೆ ಆಫ್‌ಸ್ಕ್ರೀನ್ ಅಂತ ಒಂದು ಸೌಲಭ್ಯ ಕೊಟ್ಟಿದ್ದು ಕ್ರೋಮ್ 109ರಲ್ಲಿ, 2023ರ ಜನವರಿ. ಅಂದ್ರೆ ಮೊದಲ ಗಡುವಿನ ತಿಂಗಳಲ್ಲೇ! ಯೂಸರ್ ಸ್ಕ್ರಿಪ್ಟ್ ಓಡಿಸೋ ಎಕ್ಸ್‌ಟೆನ್ಶನ್‌ಗಳಿಗೆ ಬೇಕಾದ ಬಾಗಿಲು ತೆರೆದಿದ್ದು ಕ್ರೋಮ್ 120ರಲ್ಲಿ, ಇನ್ನೂ ಸುಮಾರು ಒಂದು ವರ್ಷ ಬಿಟ್ಟು.

ಹಾಗಾದ್ರೆ ಮಾತು ಕೇಳಿ ಮೊದಲೇ ಬರೆದ ಶಿಸ್ತಿನ ಮನುಷ್ಯನ ಗತಿ? ಅರ್ಧ ಕಟ್ಟಿದ ಪದ್ಧತಿಯ ಮೇಲೆ ಬರೆದ, ಆಮೇಲೆ ಅದನ್ನೂ ತಿದ್ದಿದ. ಸುಮ್ಮನೆ ಕೂತವನು ಒಂದೇ ಸಲ ಬರೆದು ಪಾರಾದ.

ಕಂಪನಿಗಳಿಗೆ ಇದು ಒಂದು ಟೀಮಿನ ಕೆಲಸ, ಸಂಬಳ ಇದೆ. ಒಬ್ಬನೇ ಮಾಡೋನಿಗೆ ಸಂಬಳ ಎಲ್ಲಿಂದ? ಯುಬ್ಲಾಕ್ ಒರಿಜಿನ್ ಕೇಳಿರ್ತೀರಿ. ಕೋಟಿಗಟ್ಟಲೆ ಜನ ಬಳಸ್ತಾರೆ, ಅದನ್ನ ಮಾಡಿದ ರೇಮಂಡ್ ಹಿಲ್ ದೇಣಿಗೆ ಸಹ ತಗೊಳ್ಳಲ್ಲ. ಹಳೇದು ಕ್ರೋಮ್‌ನಲ್ಲಿ ನಿಲ್ಲೋ ಹಾಗಾದಾಗ ಹೊಸ ನಿಯಮಕ್ಕೆ ಒಗ್ಗೋ ಲೈಟ್ ಅನ್ನೋ ಬೇರೆಯದನ್ನ ಬರೆದ್ರು. ಹಳೇದರ ಎಲ್ಲ ಶಕ್ತಿ ಅದಕ್ಕಿಲ್ಲ ಅಂತ ಅವರೇ ಹೇಳ್ತಾರೆ. ಅಷ್ಟು ಹೆಸರಿದ್ದವರ ಪಾಡೇ ಇದು. ಇನ್ನೂರು ಜನ ಬಳಸೋ ಕನ್ನಡದ ಆಡ್-ಆನ್ ನಿಂತ್ರೆ ಯಾವ ಪೇಪರಲ್ಲಿ ಬರುತ್ತೆ?

6/9

ಈ ಫೋಟೋ ಮಸ್ಕಿ ಬೆಟ್ಟದ್ದು. ಲಿಂಗಸೂಗೂರಿಂದ ವಾಪಸ್ ಬರುವಾಗ ಮಸ್ಕಿಯ ದೋಸ್ತ್ ಬಸ್ ಇಳಿಸಿಕೊಂಡ, ಅಶೋಕನ ಶಾಸನ ನೋಡದೆ ಹೋಗ್ಬೇಡ ಅಂತ. 1915ರಲ್ಲಿ ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರ್ ಕಣ್ಣಿಗೆ ಬಿದ್ದದ್ದು. ಶಾಸನಗಳಲ್ಲಿ ದೇವಾನಾಂಪ್ರಿಯ ಅಂತ ಕರೆಸಿಕೊಳ್ಳೋ ರಾಜ ಅಶೋಕನೇ ಅಂತ ಹೆಸರು ಹಿಡಿದು ಹೇಳಿದ ಮೊದಲ ಕಲ್ಲು ಇದು. ಎರಡು ಸಾವಿರ ವರ್ಷ ದಾಟಿದೆ, ಲಿಪಿ ಕಲಿತವರು ಇವತ್ತೂ ಓದ್ತಾರೆ.

ನನ್ನ ಭತ್ತದ ಪುಟಕ್ಕೆ ಹದಿನೈದು ವರ್ಷ. ಓದೋಕಾಗ್ತಿಲ್ಲ.

ಕನ್ನಡಕ್ಕೆ ಇದು ಹೊಸ ಪೆಟ್ಟಲ್ಲ, ಅದಕ್ಕೇ ಇಲ್ಲಿ ತಂದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದ್ರೆ ನಮ್ಮ ಆಫೀಸು, ಪ್ರೆಸ್ಸು, ಡಿಟಿಪಿ ಅಂಗಡಿಗಳಲ್ಲಿ ಕನ್ನಡ ಬೆಳೆದಿದ್ದು 1998ರ ಬರಹದಿಂದ, ಕನ್ನಡ ಗಣಕ ಪರಿಷತ್ತಿನ ನುಡಿಯಿಂದ. ಅವರು ಮಾಡಿದ್ದು ದೊಡ್ಡ ಕೆಲಸ, ಅವಿಲ್ಲದಿದ್ರೆ ಕಂಪ್ಯೂಟರಲ್ಲಿ ಕನ್ನಡವೇ ತಡ ಆಗ್ತಿತ್ತು. ಮುಂದೆ ಯೂನಿಕೋಡ್ ರೂಢಿಗೆ ಬಂತು, ಅದೂ ಸರಿ. ನಡುವೆ ಉಳಿದ ಲಕ್ಷಾಂತರ ಪುಟಗಳನ್ನ ತಿರುಗಿಸೋ ಕೆಲಸ ಯಾರ ಪಾಲಿಗೆ ಬಿತ್ತು? ಸಂಬಳ ಇಲ್ಲದೆ ಕನ್ವರ್ಟರ್ ಬರೆದ ಹುಡುಗರ ಪಾಲಿಗೆ.

ಅದೇನು ಸಣ್ಣ ಕೆಲಸ ಅಲ್ಲ. ಹಳೇ ಫಾಂಟ್‌ನಲ್ಲಿ ಅಕ್ಷರ ಕಣ್ಣಿಗೆ ಕಂಡ ಕ್ರಮದಲ್ಲಿ ಕೂತಿರುತ್ತೆ. 'ಕರ್ನಾಟಕ' ಬರೆದಾಗ ಅರ್ಕಾವೊತ್ತು 'ನಾ' ಆದಮೇಲೆ ಬರುತ್ತೆ. ಯೂನಿಕೋಡ್‌ನಲ್ಲಿ ಆ 'ರ' ಮೊದಲೇ ಬರಬೇಕು. ಅದನ್ನ ಹಿಡಿದು ಹಿಂದಕ್ಕೆ ತಂದು ಕೂರಿಸಬೇಕು. ಒತ್ತಕ್ಷರ, ದೀರ್ಘ, ಹಿಂಗೇ ಒಂದೊಂದಕ್ಕೂ ಒಂದೊಂದು ಕಥೆ.

ಬ್ರೌಸರ್‌ನಲ್ಲೂ ಇದೇ ಆಗಿದೆ. ಪದ್ಮ ಅನ್ನೋ ಫೈರ್‌ಫಾಕ್ಸ್ ಆಡ್-ಆನ್ ಭಾರತೀಯ ಭಾಷೆಗಳ ಹಳೇ ಫಾಂಟ್ ಪುಟಗಳನ್ನ ಯೂನಿಕೋಡ್‌ಗೆ ತಿರುಗಿಸಿ ತೋರಿಸ್ತಿತ್ತು. ಹಳೇ ಕಾಲದ ಆಡ್-ಆನ್. 2017ರ ನವೆಂಬರ್ 14ಕ್ಕೆ ಫೈರ್‌ಫಾಕ್ಸ್ 57 ಬಂತು, ಹಳೇ ಪದ್ಧತಿಯ ಆಡ್-ಆನ್‌ಗಳು ಅದರಲ್ಲಿ ಓಡೋದು ನಿಂತಿತು. ಎರಡು ವರ್ಷ ಮೊದಲೇ ತಿಳಿಸಿದ್ರು, ನಿಜ. ಬ್ರೌಸರ್ ವೇಗ ಆಯ್ತು, ಅದೂ ನಿಜ. ಡೌನ್‌ದೆಮ್‌ಆಲ್‌ನಂಥ ಪ್ರಸಿದ್ಧ ಆಡ್-ಆನ್ ಹೊಸದಾಗಿ ಬರೆಸಿಕೊಂಡು ವಾಪಸ್ ಬರೋಕೆ 2019 ಆಯ್ತು. ವಾಪಸ್ ಬರದವು ಬಹಳ.

ಅಂದ್ರೆ ನಾನು ಬರೀ ಗೂಗಲ್‌ಗೆ ಬೈತಿಲ್ಲ. ಇವತ್ತು ವಿ2ನೂ ಉಳಿಸಿಕೊಳ್ತೀವಿ, ತಡೆಯೋ ಅಧಿಕಾರಾನೂ ಬಿಡ್ತೀವಿ ಅಂತ ಹೇಳ್ತಿರೋ ಮೊಜಿಲ್ಲಾಗೆ ಶಾಭಾಸ್. ಅವರೂ ಒಮ್ಮೆ ಇದೇ ಮಾಡಿದ್ರು.

7/9

ಸಿಂಧನೂರು, ಮಸ್ಕಿ ಕಡೆ ಕಾಲುವೆ ಕೊನೆ ಭಾಗದ ರೈತರ ಮನೆಯವರಿಗೆ ಇದನ್ನ ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಗೇಟ್ ಎಲ್ಲೋ ಇರುತ್ತೆ, ಗದ್ದೆ ಇನ್ನೆಲ್ಲೋ. ಮೇಲಿನವರು ತಿರುಗಿಸಿದ್ರೆ ನೀರು, ಇಲ್ಲಾಂದ್ರೆ ಸಸಿ ಒಣಗುತ್ತೆ. ನಾಟಿ ಮಾಡಿದ ಖರ್ಚು ಮಾತ್ರ ಕೊನೆ ಗದ್ದೆಯವಂದು.

ಆದ್ರೂ ಕಾಲುವೆಗೆ ಒಂದು ವಿಳಾಸ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋದಾಗ ಯಾರನ್ನ ಕೇಳಬೇಕು ಅಂತ ಎಲ್ಲರಿಗೂ ಗೊತ್ತಿತ್ತು. ಮುಖ್ಯಮಂತ್ರಿಗಳೇ ಬಂದು ನೋಡಿ ಹೋದ್ರು. ನೀರು ಬರದಿದ್ರೆ ರೋಡಿಗೆ ಇಳೀತೀವಿ, ತಹಸೀಲ್ದಾರ್ ಆಫೀಸ್ ಮುಂದೆ ಕೂರ್ತೀವಿ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ನಮ್ಮೂರ ಅಂಗಡಿಯವರು ಒದ್ದಾಡಿದ್ರು. ಆದ್ರೆ ಅದಕ್ಕೊಂದು ಕೌನ್ಸಿಲ್ ಇತ್ತು, ಅದರಲ್ಲಿ ರಾಜ್ಯಗಳಿದ್ವು, ಮುಂದೆ ಚುನಾವಣೆ ಇತ್ತು.

ಬ್ರೌಸರ್ ನಿಯಮಕ್ಕೆ ಯಾವ ತಹಸೀಲ್ದಾರ್ ಆಫೀಸ್? 2021ರ ಜೂನ್‌ನಲ್ಲಿ ಡಬ್ಲ್ಯೂ3ಸಿ ಅಡಿಯಲ್ಲಿ ವೆಬ್‌ಎಕ್ಸ್‌ಟೆನ್ಶನ್ಸ್ ಕಮ್ಯುನಿಟಿ ಗ್ರೂಪ್ ಅಂತ ಒಂದು ಕೂಟ ಆಯ್ತು. ಆಪಲ್, ಗೂಗಲ್, ಮೈಕ್ರೋಸಾಫ್ಟ್, ಮೊಜಿಲ್ಲಾ ಎಲ್ಲ ಇದ್ದಾರೆ, ಎಲ್ಲ ಬ್ರೌಸರಿಗೂ ಒಂದೇ ಪದ್ಧತಿ ತರೋ ಪ್ರಯತ್ನ. ಒಳ್ಳೇದೇ, ಒಂದು ಸಲ ಬರೆದ್ರೆ ನಾಲ್ಕು ಕಡೆ ಓಡುತ್ತೆ. ಯಾರು ಬೇಕಾದ್ರೂ ಸೇರಬಹುದು. ಆದ್ರೆ ಅಲ್ಲಿ ಕೂತು ಮಾತಾಡೋದೇ ಉದ್ಯೋಗ ಆದವರ ಮುಂದೆ ಗೊಬ್ಬರದ ಅಂಗಡಿ ಮುಚ್ಚಿ ಬಂದ ನಮ್ಮ ಮಾವನ ಮಗ ಎಷ್ಟು ಹೊತ್ತು ನಿಂತಾನು? ಮೇಲಾಗಿ ಕೂಟ ಏನೇ ಮಾತಾಡಲಿ, ಕ್ರೋಮ್‌ನಲ್ಲಿ ಯಾವಾಗ ಏನು ನಿಲ್ಲಬೇಕು ಅನ್ನೋದು ಗೂಗಲ್ ಕೈಲೇ. ಎಡ್ಜ್, ಬ್ರೇವ್, ಒಪೆರಾ ಕೂಡ ಅದೇ ಕ್ರೋಮಿಯಂ ಮೇಲೆ ನಿಂತಿವೆ.

8/9

"ಪುಕ್ಕಟೆ ಕೊಟ್ಟಿದ್ದಕ್ಕ ಇಷ್ಟು ಜಗಳಾ ಯಾಕೋ? ಆಗಲಿಲ್ಲಂದ್ರ ಬಿಟ್ಟು ಹೋಗ್ಲಿ." ಕಾಮೆಂಟಲ್ಲಿ ಮೂರು ಜನ ಹೆಚ್ಚುಕಮ್ಮಿ ಇದೇ ಬರೆದಿದಾರೆ.

ಬಿಟ್ಟು ಹೋಗ್ತಿದಾರೆ. ಅದೇ ನನ್ನ ನೋವು. ಕಾಸ್ಟ್ ಅಕೌಂಟಿಂಗ್ ಪಾಸಾದವರು ಹೇಳಿ, ನಿಯಮ ಬದಲಿಸಿದ್ದರ ಲಾಭ ಒಂದು ಪುಸ್ತಕದಲ್ಲಿ, ಬದಲಾವಣೆಯ ಖರ್ಚು ಇನ್ನೊಬ್ಬರ ಪುಸ್ತಕದಲ್ಲಿ. ಆ ಇನ್ನೊಬ್ಬ ಪುಸ್ತಕವನ್ನೇ ಇಡಲ್ಲ, ಯಾಕಂದ್ರೆ ರಾತ್ರಿ ಹತ್ತರ ಮೇಲಿನ ಗಂಟೆಗಳಿಗೆ ಅವನು ಬೆಲೆ ಕಟ್ಟಿಲ್ಲ. ಹಂಗಂತ ಅದು ಖರ್ಚಲ್ಲ ಅನ್ನೋಕಾಗುತ್ತಾ? ಕ್ರೋಮ್ ಅಂಗಡಿಗೆ ಎಕ್ಸ್‌ಟೆನ್ಶನ್ ಹಾಕೋಕೆ ಡೆವಲಪರ್ 5 ಡಾಲರ್ ಕಟ್ಟಬೇಕು ಗೊತ್ತಾ? ಪುಕ್ಕಟೆ ಸಾಮಾನು ಕೊಡೋಕೆ ದುಡ್ಡು ಕೊಟ್ಟು ಒಳಗೆ ಬಂದವನು ಅವನು. ಆ ಸಾಮಾನುಗಳಿಂದಲೇ ಬ್ರೌಸರಿಗೆ ಜನ ಬಂದಿದ್ದು.

ಎಲ್ಲಕ್ಕಿಂತ ಉರಿಸಿದ್ದು ಒಂದು ಸಾಲು. ವಿ2 ಎಕ್ಸ್‌ಟೆನ್ಶನ್ ಇದ್ದವರಿಗೆ ಕ್ರೋಮ್ ತೋರಿಸಿದ ಎಚ್ಚರಿಕೆಯ ಅರ್ಥ ಇಷ್ಟು: ಕ್ರೋಮ್ ಎಕ್ಸ್‌ಟೆನ್ಶನ್‌ಗಳ ಉತ್ತಮ ಪದ್ಧತಿಗಳನ್ನ ಇದು ಪಾಲಿಸದ ಕಾರಣ ಇನ್ನು ಬೆಂಬಲ ಸಿಗದೇ ಹೋಗಬಹುದು.

ಪಾಲಿಸಿಲ್ಲ! ಹತ್ತು ವರ್ಷ ಅವರದೇ ನಮೂನೆಯಲ್ಲಿ, ಅವರದೇ ಅಂಗಡಿಯಲ್ಲಿ, ಅವರದೇ ಪರಿಶೀಲನೆ ದಾಟಿ ನಿಂತದ್ದು ಒಂದು ದಿನ ಪದ್ಧತಿ ಪಾಲಿಸದ್ದು ಆಯ್ತು. "ನಾವು ನಿಯಮ ಬದಲಿಸಿದೀವಿ, ಇದನ್ನ ಮಾಡಿದವರಿಗೆ ಟೈಮ್ ಬೇಕು" ಅಂತ ಬರೆಯೋಕೆ ಇಂಗ್ಲಿಷ್‌ನಲ್ಲಿ ಪದ ಇರಲಿಲ್ವಾ? ಇಂಥ ಸಾಲು ಓದಿದ ನನ್ನಂಥವನು ಯಾರಿಗೆ ಬೈತಾನೆ? ಒಂದು ಸ್ಟಾರ್ ಯಾರ ತಲೆಗೆ ಬೀಳುತ್ತೆ?

ನಾನು ಕೇಳೋದು ನಿಯಮ ಬೇಡ ಅಂತಲ್ಲ. ಹೊಸದರಲ್ಲಿ ಎಲ್ಲ ಸೌಲಭ್ಯ ಬರೋ ತನಕ ಹಳೇದಕ್ಕೆ ಗಡುವು ಇಡಬೇಡಿ. ಕೋಟಿ ಜನ ಬಳಸೋದಕ್ಕೂ ಇನ್ನೂರು ಜನ ಬಳಸೋದಕ್ಕೂ ಒಂದೇ ಗಡುವು ಅಂದ್ರೆ ಅದು ಸಮಾನತೆ ಅಲ್ಲ. ಸಣ್ಣವರಿಗೆ ಬದಲಾಯಿಸಿಕೊಡೋ ಖರ್ಚು ನೀವು ಹೊರಿ, ನಿಮ್ಮ ಲಾಭ-ನಷ್ಟದ ಪಟ್ಟಿಯಲ್ಲಿ ಅದು ಕಾಣೋದೂ ಇಲ್ಲ. ಎಚ್ಚರಿಕೆಯ ಸಾಲಲ್ಲಿ ತಪ್ಪು ಯಾರದು ಅಂತ ನೆಟ್ಟಗೆ ಬರೀರಿ.

9/9

ಕೊನೇದು, ಚಿಕ್ಕದು.

ನನ್ನ ಒಂದು ಸ್ಟಾರ್ ಅಳಿಸಿದೆ. ಬರೀ ಐದು ಒತ್ತಿ ಕೈ ತೊಳ್ಕೊಳ್ಳೋಕೆ ಮನಸ್ಸಾಗಲಿಲ್ಲ. ಮಾವನ ಮಗ ಹೇಳಿಕೊಟ್ಟಂಗೆ ಹೊಸದಾಗಿ ಬರೆದ ಆವೃತ್ತಿ ಲ್ಯಾಬಲ್ಲಿ ಹಾಕಿ, ಹದಿನೆಂಟು ಪುಟ ತಿರುಗಿಸಿ ನೋಡಿದೆ. ಎಲ್ಲೆಲ್ಲಿ ತಪ್ಪು ಬಂತು ಪಟ್ಟಿ ಮಾಡಿದೆ. 'ವರ್ಷ' ಸರಿ ಬಂತು, 'ಮಾರ್ಚ್' ಕೆಟ್ಟಿತ್ತು. 'ಕ್ವಿಂಟಾಲ್' ಎರಡು ಕಡೆ ಒಡೆದಿತ್ತು. ಅಂಕಿಗಳು ಎಲ್ಲ ಸರಿ. ಬರೆದು ಕಳಿಸಿದೆ. ಮೂರನೇ ದಿನ ಉತ್ತರ ಬಂತು. 'ಮಾರ್ಚ್' ಸರಿ ಮಾಡಿದಾರಂತೆ, 'ಕ್ವಿಂಟಾಲ್' ಇನ್ನೂ ತಲೆ ತಿಂತಿದೆಯಂತೆ. ಈ ಸಲ ಕ್ಷಮಿಸಿ ಅಂತ ಬರೆದಿರಲಿಲ್ಲ. "ಇನ್ನೂ ಪುಟ ಇದ್ರೆ ಕಳಿಸಿ" ಅಂತಿತ್ತು.

ಶನಿವಾರ ಮಧ್ಯಾಹ್ನ ಲ್ಯಾಬ್ ಖಾಲಿ ಇರುತ್ತೆ, ಸರ್ ಹತ್ರ ಕೇಳಿ ಒಪ್ಪಿಸಿದೀನಿ. ಮಸ್ಕಿಯ ದೋಸ್ತ್ ಬರ್ತಾನೆ. ಮನೆಯಲ್ಲಿ, ಅಪ್ಪಂದಿರ ಆಫೀಸಲ್ಲಿ, ಪರಿಚಯದ ಡಿಟಿಪಿ ಅಂಗಡಿಯಲ್ಲಿ ಹಳೇ ಫಾಂಟ್‌ನ ಕನ್ನಡ ಫೈಲ್ ಇದ್ದವರು ಪೆನ್‌ಡ್ರೈವ್‌ನಲ್ಲಿ ತನ್ನಿ. ನೀವು ಬಳಸೋ ಚಿಕ್ಕ ಕನ್ನಡ ಆಡ್-ಆನ್ ಯಾವುದಾದ್ರೂ ನಿಂತಿದ್ರೆ ಅದರ ಹೆಸರು ಕೆಳಗೆ ಕಾಮೆಂಟಲ್ಲಿ ಹಾಕಿ.

#ಸಿಂಧನೂರು #ಮಸ್ಕಿ #ಲಿಂಗಸೂಗೂರು #ಕನ್ನಡಆಡ್‌ಆನ್